ಸರ್ ಎಂ. ವಿಶ್ವೇಶ್ವರಯ್ಯ ಮತ್ತು ಕೈಕೆಲಸದ ಶಾಲೆ

ಸರ್ ಎಂ. ವಿಶ್ವೇಶ್ವರಯ್ಯನವರು 15-9-1861ರಂದು ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಆ ಊರು 2007ರವರೆಗೂ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿದರು. ಪುಣೆಯಲ್ಲಿ ಇಂಜಿನಿಯರ್ ಆದರು.

ನಮ್ಮ ಕೆ.ಜಿ.ಎಫ್. ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು. 147 ಕಿಲೋಮೀಟರು ತಂತಿ! ಆದರೆ ಬೇಸಿಗೆಯಲ್ಲಿ ಕಾವೇರಿ ನೀರು ಇಳಿದರೆ ಕರೆಂಟು ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗಲು ಇದೂ ಒಂದು ಕಾರಣ. ಆಗ ಇವರೇ ಮುಖ್ಯ ಇಂಜಿನಿಯರ್. ನಾನು ಅದು ಬರೀ ಗದ್ದೆಗೆ ಅಂದುಕೊಂಡಿದ್ದೆ.

1912ರಿಂದ 1918ರವರೆಗೆ ದಿವಾನರಾಗಿದ್ದರು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಮಾಡಿಸಿದರು. ಆದರೆ ಇಂಜಿನಿಯರ್ ಮಾತ್ರ ಇದ್ದರೆ ಆಯ್ತಾ? ತಂತಿ ಎಳೆಯೋರು, ಮೋಟಾರು ರಿಪೇರಿ ಮಾಡೋರೂ ಬೇಕಲ್ಲ. ಅವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಸಂಬಳ ಮುಟ್ಟದೆ ದುಡಿದಿದ್ದರು. ಆ ಬಾಕಿ ಹಣವನ್ನು ಬಡ ಹುಡುಗರು ಕಸುಬು ಕಲಿಯುವ ಶಾಲೆಗೆ ಕೊಟ್ಟುಬಿಟ್ಟರು. ಅದು 1943ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ತಮ್ಮ ಹೆಸರು ಬೇಡವೆಂದು ಮಹಾರಾಜ ಜಯಚಾಮರಾಜೇಂದ್ರರ ಹೆಸರಿಡಿಸಿದರು. ಈಗ ಅದು ಸರ್ಕಾರಿ ಪಾಲಿಟೆಕ್ನಿಕ್. ಎಲೆಕ್ಟ್ರಿಕಲ್ ಡಿಪ್ಲೊಮಾ ಕೂಡ ಇದೆ.

ನಮ್ಮಣ್ಣ ಎಸ್.ಎಸ್.ಎಲ್.ಸಿ. ಫೇಲಾಗಿ ಬಂಗಾರಪೇಟೆಯ ಒಂದು ಅಂಗಡಿಯಲ್ಲಿ ಮೋಟಾರು ವೈಂಡಿಂಗ್ ಕಲಿಯುತ್ತಿದ್ದಾನೆ. ಊರಲ್ಲಿ ಎಲ್ಲರೂ ಅವನನ್ನು ದಡ್ಡ ಅಂತಾರೆ. ಇದನ್ನು ಬರೆದು ಅವನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿದ. ಆಮೇಲೆ ಆ ಪಾಲಿಟೆಕ್ನಿಕ್ಕಿಗೆ ಸೇರಲು ಪಾಸಾಗಿರಬೇಕಾ ಎಂದು ವಿಚಾರಿಸಿದ. ಪರೀಕ್ಷೆ ಮತ್ತೆ ಕಟ್ಟುತ್ತಾನಂತೆ.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.