ಅಂಧರ ಲಿಪಿಯ ಕರ್ತೃ ಲೂಯಿ ಬ್ರೈಲ್

ಗೋಡೆ ಬಿರುಕುಬಿಟ್ಟಾಗ ಗಾರೆ ಮೆತ್ತುವುದು ಗೃಹಸ್ಥರ ರೂಢಿ. ಅದು ತಪ್ಪಲ್ಲ. ಆದರೆ ತಳಪಾಯವೇ ಬೇರೊಂದು ಕಟ್ಟಡಕ್ಕೆಂದು ಹಾಕಿದ್ದಾದರೆ ಎಷ್ಟು ಗಾರೆ ಸುರಿದರೂ ಫಲವಿಲ್ಲ. ನೆಲವನ್ನು ಹಸನುಮಾಡಿ ಮೊದಲಿನಿಂದ ತೊಡಗುವುದೇ ಲೇಸು. ಅಕ್ಷರವಿದ್ಯೆಯಲ್ಲಿ ಹೀಗೆ ಬುಡದಿಂದ ತೊಡಗಿ, ಲೋಕದ ಅಂಧರಿಗೆ ಓದುಬರಹವನ್ನು ದೊರಕಿಸಿಕೊಟ್ಟ ಫ್ರಾನ್ಸ್ ದೇಶದ ಲೂಯಿ ಬ್ರೈಲರ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಪ್ಯಾರಿಸ್ ನಗರಕ್ಕೆ ಪೂರ್ವದಲ್ಲಿ ಸುಮಾರು 40 ಕಿಲೋಮೀಟರ್ ದೂರದ ಕೂವ್ರೇ ಎಂಬ ಗ್ರಾಮದಲ್ಲಿ ಕ್ರಿ.ಶ. 1809ನೆಯ ಇಸವಿ ಜನವರಿ 4ರಂದು ಬ್ರೈಲರು ಜನಿಸಿದರು. ತಂದೆಯದು ಕುದುರೆಗಳ ಜೀನು ಲಗಾಮುಗಳನ್ನು ಮಾಡುವ ಕಾಯಕ. 1812ರಲ್ಲಿ ಮೂರು ವರ್ಷದ ಕೂಸು ತಂದೆಯ ಕೆಲಸದ ಕೋಣೆಯಲ್ಲಿ ತೊಗಲು ಚುಚ್ಚುವ ಮೊನಚಾದ ಉಪಕರಣವೊಂದನ್ನು ಹಿಡಿದು ಆಡುತ್ತಿರಲು, ಅದು ಜಾರಿ ಒಂದು ಕಣ್ಣಿಗೆ ನಾಟಿತು. ಆ ಗಾಯದ ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರ್ಷ ತುಂಬುವಷ್ಟರಲ್ಲಿ ದೃಷ್ಟಿ ಪೂರ್ಣವಾಗಿ ನಷ್ಟವಾಯಿತು. ಅಂದಿನ ದಿನಗಳಲ್ಲಿ ಬಹುಮಂದಿ ಅಂಧರಿಗೆ ಭಿಕ್ಷೆಯೇ ಗತಿಯಾಗಿದ್ದಿತು. ಆದರೆ ತಂದೆತಾಯಿಗಳು ಮಗನನ್ನು ಮೂಲೆಗೆ ಕೂರಿಸದೆ ಊರ ಶಾಲೆಗೇ ಕಳುಹಿಸಿದರು. ಹುಡುಗನು ಕಿವಿಯಿಂದಲೇ ಪಾಠ ಕಲಿತು ಮುಂದಾದನು.

1819ರಲ್ಲಿ ಹತ್ತು ವರ್ಷದ ಬಾಲಕನು ಪ್ಯಾರಿಸ್ಸಿನ ಅಂಧಬಾಲಕರ ವಿದ್ಯಾಲಯವನ್ನು ಸೇರಿದನು. ಅದನ್ನು ಸ್ಥಾಪಿಸಿದ ವಾಲೆಂತಿನ್ ಆಯಿ ಎಂಬ ಮಹನೀಯರು, ದಪ್ಪ ಕಾಗದವನ್ನು ನೆನೆಸಿ ಅಚ್ಚುಮೊಳೆಗಳಿಂದ ಒತ್ತಿ, ರೂಢಿಯ ಅಕ್ಷರಗಳೇ ಉಬ್ಬಿ ನಿಲ್ಲುವಂತೆ ಮಾಡಿದ್ದರು. ಅಂಧರೂ ಗ್ರಂಥವನ್ನು ಓದಬಲ್ಲರೆಂದು ತೋರಿಸಿಕೊಟ್ಟ ಅವರ ಉಪಕಾರವನ್ನು ಹಗುರಾಗಿ ಕಾಣಲಾಗದು. ಆದರೂ ಆ ಓದು ಅತಿ ಕಷ್ಟದ್ದು. ಒಂದೊಂದು ಅಕ್ಷರದ ತಿರುವನ್ನೂ ಬೆರಳು ಸುತ್ತಿ ಸುತ್ತಿ ತಿಳಿಯಬೇಕು. ಪದದ ಕೊನೆಗೆ ಬರುವಷ್ಟರಲ್ಲಿ ಮೊದಲು ಮರೆಯುವುದು. ಅಕ್ಷರಗಳು ದೊಡ್ಡವು, ಪುಸ್ತಕಗಳು ಎತ್ತಲಾಗದಷ್ಟು ಭಾರ, ಅವುಗಳ ಸಂಖ್ಯೆಯೂ ಅಲ್ಪ. ಎಲ್ಲಕ್ಕಿಂತ ಹೆಚ್ಚಿನ ಕೊರತೆಯೆಂದರೆ, ಓದಿದ ಹುಡುಗನು ತಾನು ಒಂದು ಸಾಲನ್ನು ಬರೆದು ತಾನೇ ಓದಿಕೊಳ್ಳುವಂತಿರಲಿಲ್ಲ. ಕಣ್ಣು ಆಕಾರವನ್ನು ಒಂದೇ ನೋಟಕ್ಕೆ ಗ್ರಹಿಸುತ್ತದೆ, ಬೆರಳಾದರೋ ಅದನ್ನು ತುಣುಕು ತುಣುಕಾಗಿ ಅರಿಯುತ್ತದೆ. ಕಣ್ಣಿಗೆಂದು ಹುಟ್ಟಿದ ಲಿಪಿಯನ್ನು ಎಷ್ಟು ತಿದ್ದಿದರೂ ಅದು ಕಣ್ಣಿನ ಲಿಪಿಯೇ. ಅಲ್ಲಿನ ಅಧ್ಯಾಪಕರಿಗೆ ಈ ದೋಷ ಕಾಣಿಸದಿದ್ದುದಕ್ಕೆ ಕಾರಣವುಂಟು: ಆ ಪುಸ್ತಕಗಳನ್ನು ತಾವು ಸುಲಭವಾಗಿ ಓದುತ್ತಿದ್ದರಲ್ಲವೆ!

1821ರ ಸುಮಾರಿಗೆ ಶಾರ್ಲ್ ಬಾರ್ಬಿಯೆ ಎಂಬ ಸೇನಾಧಿಕಾರಿಯೊಬ್ಬರು ರೂಪಿಸಿದ ಉಬ್ಬುಚುಕ್ಕೆಗಳ ಬರಹವು ವಿದ್ಯಾಲಯಕ್ಕೆ ಬಂದಿತು. ಅಕ್ಷರದ ಆಕಾರವನ್ನೇ ಕೈಬಿಟ್ಟ ಆ ಧೈರ್ಯ ಮೆಚ್ಚತಕ್ಕದ್ದು. ಆದರೆ ಅದರಲ್ಲಿ ಸಾಲಿಗೆ ಆರರಂತೆ ಹನ್ನೆರಡು ಚುಕ್ಕೆಗಳ ಮನೆ. ಬೆರಳ ತುದಿಗೆ ಅದು ಒಮ್ಮೆಗೆ ನಿಲುಕದು. ಉಚ್ಚಾರಣೆಯ ಧ್ವನಿಗಳಷ್ಟೇ ಉಂಟು, ಕಾಗುಣಿತದ ಶುದ್ಧಿಯಿಲ್ಲ, ವಿರಾಮ ಚಿಹ್ನೆಗಳಿಲ್ಲ. ಬಾಲಕ ಬ್ರೈಲನು ಚುಕ್ಕೆಯನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಬದಿಗಿಟ್ಟು, ತನ್ನ ಬೆರಳ ತುದಿಯನ್ನೇ ಅಳತೆಗೋಲಾಗಿ ಹಿಡಿದನು. ಆ ತುದಿಯ ಅಡಿಯಲ್ಲಿ ಒಮ್ಮೆಗೇ ಅಡಗುವುದು ಸಾಲಿಗೆ ಮೂರರಂತೆ ಎರಡು ಸಾಲು, ಒಟ್ಟು ಆರು ಚುಕ್ಕೆ. ಆರರಿಂದ 63 ಬಗೆಯ ಗುರುತುಗಳು ಹುಟ್ಟುತ್ತವೆ. ಮೊದಲ ಹತ್ತು ಅಕ್ಷರಗಳು ಮೇಲಿನ ನಾಲ್ಕು ಚುಕ್ಕೆಗಳಲ್ಲೇ ಮುಗಿಯುತ್ತವೆ. ಎಡಬದಿಯ ಕೆಳಚುಕ್ಕೆ ಕೂಡಿದರೆ ಅವೇ ಎರಡನೆಯ ಹತ್ತು. ಕೆಳಗಿನ ಎರಡೂ ಕೂಡಿದರೆ ಮೂರನೆಯ ಹತ್ತು. ವರ್ಣಮಾಲೆಯನ್ನು ವರ್ಗಗಳಾಗಿ ಕಲಿಸುವ ನಮ್ಮಂಥ ಉಪಾಧ್ಯಾಯರಿಗೆ ಈ ಕ್ರಮ ನೋಡಿದೊಡನೆ ಮನಸ್ಸಿಗೆ ಹಿಡಿಸುತ್ತದೆ. 1824ರಲ್ಲಿ ಇದು ಬಹುಮಟ್ಟಿಗೆ ಸಿದ್ಧವಾದಾಗ ಕರ್ತೃವಿನ ವಯಸ್ಸು ಹದಿನೈದು. ಮೊನೆಯ ಕಡ್ಡಿಯೊಂದು, ಕಿಂಡಿಗಳುಳ್ಳ ಪಟ್ಟಿಯೊಂದು ಇದ್ದರೆ ಅಂಧನು ತಾನೇ ಬರೆಯಬಹುದಾಯಿತು.

ಬ್ರೈಲರು ಅದೇ ವಿದ್ಯಾಲಯದಲ್ಲಿ ಅಧ್ಯಾಪಕರಾಗಿ ನಿಂತರು. 1829ರಲ್ಲಿ ಪ್ರಕಟವಾದ, ಈ ಪದ್ಧತಿಯನ್ನು ವಿವರಿಸುವ ಅವರ ಗ್ರಂಥವು ಉಬ್ಬಿದ ಹಳೆಯ ಅಕ್ಷರಗಳಲ್ಲಿಯೇ ಅಚ್ಚಾಯಿತೆಂಬುದು ವಿಚಿತ್ರವಾದರೂ ನಿಜ. ಮೊದಲು ಚುಕ್ಕೆಗಳೊಡನೆ ಸಣ್ಣ ಗೆರೆಗಳನ್ನೂ ಇರಿಸಿದ್ದರು. ಅವು ಕಡ್ಡಿಗೆ ಒದಗದೆ ಹೋದುದರಿಂದ 1837ರ ಪರಿಷ್ಕರಣದಲ್ಲಿ ತೆಗೆದುಹಾಕಿದರು. ಅವರು ದೇವಾಲಯಗಳಲ್ಲಿ ಆರ್ಗನ್ ವಾದ್ಯ ನುಡಿಸುತ್ತಿದ್ದ ಸಂಗೀತಗಾರರೂ ಹೌದು. ಅವೇ ಆರು ಚುಕ್ಕೆಗಳಲ್ಲಿ ಸ್ವರಲಿಪಿಯನ್ನೂ ಅಳವಡಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ನಮ್ಮ ವಾಚಕರಿಗೆ ಅಂಧರ ಬಾಳಿನಲ್ಲಿ ಸಂಗೀತವಿದ್ಯೆಯ ಸ್ಥಾನವನ್ನು ಬೇರೆ ಹೇಳಬೇಕಾಗಿಲ್ಲ.

ಹೊಸತಾಗಿ ತೊಡಗಿದವನು ಅದಕ್ಕೆ ಬೆಲೆಯನ್ನೂ ತೆರಬೇಕು. ಕಣ್ಣುಳ್ಳವರಿಗೆ ಆ ಬರಹ ಅಪರಿಚಿತ. ಅಂಧರು ಲೋಕದಿಂದ ಬೇರೆಯಾಗಿಬಿಡುವರೆಂಬ ಆಕ್ಷೇಪವು ಬಲವಾಗಿದ್ದಿತು, ಅದರಲ್ಲಿ ಸ್ವಲ್ಪ ಸತ್ಯವೂ ಇದ್ದಿತು. ಇದನ್ನರಿತೇ ಬ್ರೈಲರು 1839ರಲ್ಲಿ, ರೂಢಿಯ ಅಕ್ಷರಗಳನ್ನೇ ಚುಕ್ಕೆಗಳಿಂದ ಮೂಡಿಸಿ ಕಣ್ಣುಳ್ಳವರಿಗೆ ಪತ್ರ ಬರೆಯುವ ಬೇರೊಂದು ಉಪಾಯವನ್ನು ಪ್ರಕಟಿಸಿದರು. ಆದರೂ 1840ರಲ್ಲಿ ಹೊಸ ಮುಖ್ಯಾಧಿಕಾರಿಯಾಗಿ ಬಂದ ದ್ಯುಫೋ ಎಂಬವರು ಬ್ರೈಲರ ಲಿಪಿಯನ್ನು ನಿಷೇಧಿಸಿದರು. ವಿದ್ಯಾರ್ಥಿಗಳು ಬಿಡಲಿಲ್ಲ, ಗುಟ್ಟಾಗಿ ಬರೆಯುತ್ತ ಒಬ್ಬರಿಗೊಬ್ಬರು ಕಲಿಸುತ್ತ ಹೋದರು. ಒಮ್ಮೆ ಬೆರಳಿಗೆ ರುಚಿ ಹತ್ತಿದ ಓದನ್ನು ಯಾವ ಆಜ್ಞೆ ತಾನೇ ಬಿಡಿಸೀತು? ಕೊನೆಗೆ 1844ರಲ್ಲಿ ವಿದ್ಯಾಲಯದ ನೂತನ ಭವನದ ಪ್ರಾರಂಭೋತ್ಸವದ ದಿನ, ಗಾದೆ ಎಂಬ ಸಹಾಯಕಾಧಿಕಾರಿಯ ಪ್ರಯತ್ನದಿಂದ ಸಭೆಯ ಮುಂದೆ ಈ ಲಿಪಿಯ ಪ್ರದರ್ಶನವಾಗಿ, ಅದಕ್ಕೆ ಮರಳಿ ಮನ್ನಣೆ ದೊರೆಯಿತು.

ಬಹುಕಾಲದ ಕ್ಷಯರೋಗದಿಂದ ಬಳಲಿದ ಬ್ರೈಲರು 1852ರ ಜನವರಿ 6ರಂದು, 43 ವರ್ಷ ತುಂಬಿ ಎರಡೇ ದಿನಗಳಾಗಿದ್ದಾಗ ತೀರಿಕೊಂಡರು. ಎರಡು ವರ್ಷಗಳ ನಂತರ, 1854ರಲ್ಲಿ, ಅವರ ವಿದ್ಯಾಲಯವು ಆ ಲಿಪಿಯನ್ನು ವಿಧಿಪೂರ್ವಕವಾಗಿ ಅಂಗೀಕರಿಸಿತು. 1878ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ಅನೇಕ ದೇಶಗಳ ಸಮ್ಮೇಳನವು ಅದನ್ನೇ ಎತ್ತಿಹಿಡಿಯಿತು.

ನಮ್ಮ ದೇಶದಲ್ಲಿ ಹಲವು ಬಗೆಯ ಚುಕ್ಕೆಲಿಪಿಗಳು ಬಳಕೆಯಲ್ಲಿದ್ದು, 1951ರಲ್ಲಿ ಭಾರತೀ ಬ್ರೈಲ್ ಎಂಬ ಏಕರೂಪದ ಪದ್ಧತಿ ಸಿದ್ಧವಾಯಿತು. ಅದರಲ್ಲಿ ಕೊಂಬು, ದೀರ್ಘ, ಒತ್ತುಗಳು ಅಕ್ಷರದ ಮೇಲಕ್ಕಾಗಲಿ ಕೆಳಕ್ಕಾಗಲಿ ಹೋಗದೆ ಎಲ್ಲವೂ ಒಂದರ ಮುಂದೊಂದು ಬರುತ್ತವೆ. ಲಿಪಿಗಳ ಆಕಾರಭೇದವೂ ಅಲ್ಲಿಲ್ಲ. ಕನ್ನಡದ ಕಕಾರಕ್ಕೂ ನಾಗರಿಯ ಕಕಾರಕ್ಕೂ ತಮಿಳಿನ ಕಕಾರಕ್ಕೂ ಒಂದೇ ಗುರುತು: ಎಡಸಾಲಿನ ಮೇಲಿನದೊಂದು, ಕೆಳಗಿನದೊಂದು, ಎರಡೇ ಚುಕ್ಕೆ.