ಆರು ಹುಂಜಗಳ ಡಾಕ್ಟರು

ಬೀಜ ಒಡೆಸಿದ ಮೇಲೆ ಹೋರಿ ಹೋರಿಯಾಗಿ ಉಳಿಯುವುದಿಲ್ಲ. ಹಿಣಿಲು ಇಳಿಯುತ್ತದೆ, ಕೊಬ್ಬು ಅಡಗುತ್ತದೆ, ನೊಗಕ್ಕೆ ಸುಮ್ಮನೆ ಕೊರಳು ಕೊಡುತ್ತದೆ. ನಮ್ಮ ಜತ್ತ ಸೀಮೆಯಲ್ಲಿ ಖಿಲಾರಿ ದನ ಕಟ್ಟಿದವರಿಗೆ ಇದನ್ನೇನು ಹೇಳಿಕೊಡಬೇಕಾಗಿಲ್ಲ. ಆದರೆ ಬೀಜ ಇರುವುದು ತೊಡೆಯ ಸಂದಿಯಲ್ಲಿ, ಹಿಣಿಲು ಇರುವುದು ಹೆಗಲ ಮೇಲೆ. ಅಲ್ಲಿ ಒಡೆದರೆ ಇಲ್ಲಿ ಯಾಕ ಇಳೀತದ ಅಂತ ನಾನೂ ಎಂದೂ ಕೇಳಿದವನಲ್ಲ. ಇಂಥದೇ ಪ್ರಶ್ನೆಯನ್ನು ಹುಂಜಗಳಿಗೆ ಕೇಳಿ ಉತ್ತರ ಪಡೆದವರು ಜರ್ಮನಿಯ ಅರ್ನಾಲ್ಡ್ ಅಡಾಲ್ಫ್ ಬರ್ಟೋಲ್ಡ್.

ಇವರು ಹುಟ್ಟಿದ್ದು 1803ರಲ್ಲಿ, ಜೋಸ್ಟ್ ಎಂಬ ಊರಲ್ಲಿ. ವೈದ್ಯಕೀಯ ಓದಿದ್ದು ಗೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ. ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾಗಿ, ಪ್ರಾಣಿ ಸಂಗ್ರಹಾಲಯವನ್ನೂ ನೋಡಿಕೊಂಡರು. 1834ರಲ್ಲಿ ಬುನ್ಸೆನ್ ಎಂಬ ರಸಾಯನ ಪಂಡಿತರ ಜೊತೆ ಸೇರಿ ಪಾಷಾಣ ತಿಂದವರಿಗೆ ಕಬ್ಬಿಣದ ಒಂದು ಸಂಯುಕ್ತ ಮದ್ದಾಗುತ್ತದೆಂದು ತೋರಿಸಿದರು. ಅಷ್ಟೇ ಮಾಡಿದ್ದರೂ ಹೆಸರು ಉಳಿಯುತ್ತಿತ್ತು.

1848ರ ಆಗಸ್ಟಿನಲ್ಲಿ ಅವರು ಆರು ಎಳೆಯ ಹುಂಜಗಳನ್ನು ತೆಗೆದುಕೊಂಡರು. ಹುಂಜದ ಬೀಜ ಹೋರಿಯಂತೆ ಹೊರಗೆ ಜೋತಿರುವುದಿಲ್ಲ, ಹೊಟ್ಟೆಯೊಳಗೆ ಬೆನ್ನಿಗೆ ಹತ್ತಿಕೊಂಡಿರುತ್ತದೆ. ಹೊಟ್ಟೆ ಕೊಯ್ದೇ ತೆಗೆಯಬೇಕು. ಎರಡು ಹುಂಜಗಳ ಎರಡೂ ಬೀಜ ತೆಗೆದರು. ಇನ್ನೆರಡರಲ್ಲಿ ಒಂದನ್ನು ತೆಗೆದು, ಉಳಿದದ್ದನ್ನು ಮೊದಲಿನ ಸಂಬಂಧ ಕಡಿದು ಒಳಗೇ ಬಿಟ್ಟರು. ಕೊನೆಯ ಎರಡಕ್ಕೆ ಅದಲುಬದಲು: ಎರಡೂ ಬೀಜ ತೆಗೆದು, ಇದರದೊಂದನ್ನು ಅದರ ಹೊಟ್ಟೆಯಲ್ಲಿ, ಅದರದೊಂದನ್ನು ಇದರ ಹೊಟ್ಟೆಯಲ್ಲಿ ಇಟ್ಟು ಹೊಲಿದರು.

ಬೀಜ ಪೂರ್ತಿ ಹೋದ ಎರಡು ಹಿಡ ಹುಂಜಗಳಾದವು. ಜುಟ್ಟು ಬೆಳೆಯಲಿಲ್ಲ, ಕೂಗು ಗಟ್ಟಿಯಾಗಲಿಲ್ಲ, ಜಗಳದ ಸುದ್ದಿಯೇ ಇಲ್ಲ. ಉಳಿದ ನಾಲ್ಕು? ಕೆಂಪು ಜುಟ್ಟು ಎತ್ತಿ ಕೂಗಿದವು, ಹೇಂಟೆಗಳ ಬೆನ್ನು ಹತ್ತಿದವು, ಕಾದಾಡಿದವು. ಪರರ ಬೀಜ ಹೊತ್ತವೂ ಪಕ್ಕಾ ಹುಂಜಗಳೇ! ಆಮೇಲೆ ಕೊಯ್ದು ನೋಡಿದರೆ ಬೀಜ ಕರುಳಿಗೆ ಅಂಟಿಕೊಂಡಿದೆ. ಹೊಸ ರಕ್ತನಾಳಗಳು ಬಂದಿವೆ, ಹಳೆಯ ನರದ ಸಂಬಂಧ ಮಾತ್ರ ಇಲ್ಲ. ದೇಹದ ಒಂದು ಭಾಗ ದೂರದ ಇನ್ನೊಂದನ್ನು ಆಳುವುದು ನರಗಳ ಮೂಲಕ ಎಂದು ಬಹಳ ಜನ ನಂಬಿದ್ದ ಕಾಲ ಅದು. ಬರ್ಟೋಲ್ಡ್ ಹೇಳಿದ್ದು ಬೇರೆ: ಬೀಜ ರಕ್ತಕ್ಕೆ ಏನನ್ನೋ ಬಿಡುತ್ತದೆ, ಆ ರಕ್ತವೇ ಮೈಯೆಲ್ಲ ಸುದ್ದಿ ಮುಟ್ಟಿಸುತ್ತದೆ.

1849ರಲ್ಲಿ ನಾಲ್ಕೇ ಪುಟದಲ್ಲಿ ಇದನ್ನು ಬರೆದರು. ಅದೇ ಊರಿನ ರುಡಾಲ್ಫ್ ವ್ಯಾಗ್ನರ್ ಎಂಬ ದೊಡ್ಡ ವಿದ್ವಾಂಸರು ಮಾಡಿ ನೋಡಿದರೆ ನಾಟಿ ಹಾಕಿದ ಬೀಜ ಹತ್ತಲಿಲ್ಲ. ದೊಡ್ಡವರ ಕೈಯಲ್ಲಿ ಆಗದ್ದನ್ನು ಜನ ನಂಬುವುದೆಂತು? ಸುದ್ದಿ ತಣ್ಣಗಾಯಿತು. 1861ರಲ್ಲಿ ಬರ್ಟೋಲ್ಡ್ ತೀರಿಕೊಂಡಾಗ ಹಾರ್ಮೋನು ಎಂಬ ಶಬ್ದವೇ ಹುಟ್ಟಿರಲಿಲ್ಲ. ಅದು ಬಂದದ್ದು 1905ರಲ್ಲಿ, ಇಂಗ್ಲೆಂಡಿನ ಸ್ಟಾರ್ಲಿಂಗ್ ಅವರಿಂದ.

ನಡುವೆ ಒಂದು ತಮಾಷೆ. 1889ರಲ್ಲಿ ಪ್ಯಾರಿಸಿನ ಬ್ರೌನ್-ಸೆಕಾರ್ ಎಂಬ 72ರ ಪ್ರಾಯದ ವಿಜ್ಞಾನಿ ನಾಯಿ, ಗಿನಿಯಿಲಿಗಳ ಬೀಜದ ರಸ ಚುಚ್ಚಿಕೊಂಡು ಹರೆಯ ಮರಳಿತೆಂದು ಸಾರಿದರು. ಮದ್ದಿನ ವ್ಯಾಪಾರ ಜೋರಾಯಿತು. ಆ ರಸದಲ್ಲಿ ಹಾರ್ಮೋನು ಇದ್ದದ್ದು ಇಲ್ಲವೆನ್ನುವಷ್ಟು. ಬೀಜ ಅದನ್ನು ಕಣಜದಂತೆ ಕೂಡಿಡುವುದಿಲ್ಲ, ಆಗಿಂದಾಗ ರಕ್ತಕ್ಕೆ ಬಿಡುತ್ತದೆ. ಜಾತ್ರೆಯಲ್ಲಿ ಡಬ್ಬಿ ತೆರೆದು ತಾಕತ್ತು ಮಾರುವವರನ್ನು ಕಂಡಾಗ ನನಗೆ ಈ ಮುದುಕರ ನೆನಪು. ಈಗ ನಿಜವಾದ ಹಾರ್ಮೋನಿನ ಚುಚ್ಚುಮದ್ದೇ ಸಿಗುತ್ತದೆ. ಆದರೆ ಹೊರಗಿನಿಂದ ಅದು ಬಂದರೆ ಮಿದುಳು ಬೀಜಕ್ಕೆ ಕೆಲಸ ಹೇಳುವುದನ್ನು ಬಿಡುತ್ತದೆ, ವೀರ್ಯಾಣು ಇಳಿಯುತ್ತವೆ. ಮಕ್ಕಳು ಬೇಕೆನ್ನುವವರು ಡಾಕ್ಟರನ್ನು ಕೇಳದೆ ಅದರ ಹತ್ತಿರ ಸುಳಿಯಬಾರದು.

ಬರ್ಟೋಲ್ಡ್ ಊಹಿಸಿದ ವಸ್ತು ಕೈಗೆ ಸಿಕ್ಕಿದ್ದು 1935ರಲ್ಲಿ. ಆಮ್ಸ್ಟರ್‌ಡ್ಯಾಮಿನಲ್ಲಿ ಲಾಕರ್ ಅವರ ತಂಡ ಸುಮಾರು 100 ಕಿಲೋ ಹೋರಿಬೀಜ ಅರೆದು ಸೋಸಿ 10 ಮಿಲಿಗ್ರಾಂ ತೆಗೆದು, ಟೆಸ್ಟೋಸ್ಟಿರೋನ್ ಎಂದು ಹೆಸರಿಟ್ಟಿತು. ಅದೇ ವರ್ಷ ಬುಟೆನಾಂಟ್, ರುಜಿಕ್ಕಾ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಸಂದಿತು. ಸೋಸಿದ ರಸದಲ್ಲಿ ಕಸುವು ಇದೆಯೋ ಇಲ್ಲವೋ ಎಂದು ಆ ಕಾಲದವರು ಪರೀಕ್ಷಿಸುತ್ತಿದ್ದುದು ಹೇಗೆ ಗೊತ್ತೇ? ಹಿಡ ಹುಂಜಕ್ಕೆ ಚುಚ್ಚಿ, ಜುಟ್ಟು ಎಷ್ಟು ಬೆಳೆಯಿತೆಂದು ಅಳೆಯುತ್ತಿದ್ದರು.