ಓಡಿದರೆ ಹೃದಯ ಸವೆಯುತ್ತದೆಯೇ? ವೈದ್ಯರು ಬೇಡವೆಂದರೂ 65ರವರೆಗೆ ಬಾಸ್ಟನ್ ಮ್ಯಾರಥಾನ್ ಓಡಿದ ಡೆಮಾರ್

ಹೃದಯಕ್ಕೆ ಇಷ್ಟೇ ಬಡಿತ ಎಂಬ ಲೆಕ್ಕವಿದೆ, ನಲವತ್ತು ದಾಟಿದ ಮೇಲೆ ಓಡಿದರೆ ಅದು ಬೇಗ ಮುಗಿದುಹೋಗುತ್ತದೆ ಎಂಬ ಸಂದೇಶ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಅಮೆರಿಕದ ಓಟಗಾರ ಕ್ಲಾರೆನ್ಸ್ ಡೆಮಾರ್ ಅವರ ಬದುಕನ್ನು ಒಮ್ಮೆ ನೋಡೋಣ. ಅವರನ್ನು ಹೀಗೆ ಹೆದರಿಸಿದ್ದು ವಾಟ್ಸಾಪ್ ಅಲ್ಲ, ವೈದ್ಯರೇ!

1888ರಲ್ಲಿ ಹುಟ್ಟಿದ ಡೆಮಾರ್ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಹೊಟ್ಟೆಪಾಡಿಗೆ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ. 1911ರ ಬಾಸ್ಟನ್ ಮ್ಯಾರಥಾನ್‌ಗೆ ಮುನ್ನ ಅವರ ಎದೆ ಪರೀಕ್ಷಿಸಿದ ವೈದ್ಯರಿಗೆ ಬಡಿತದ ನಡುವೆ ಮರ್ಮರ ಸದ್ದು ಕೇಳಿಸಿತು. ಸುಸ್ತಾದರೆ ಅಲ್ಲೇ ನಿಲ್ಲಿಸಿ, ಇದೇ ಕೊನೆಯ ಓಟವಾಗಲಿ ಎಂದುಬಿಟ್ಟರು. ಡೆಮಾರ್ ನಿಲ್ಲಿಸಲಿಲ್ಲ. ಆಗ ಸುಮಾರು 39 ಕಿ.ಮೀ. ಇದ್ದ ಆ ದಾರಿಯನ್ನು 2 ಗಂಟೆ 21 ನಿಮಿಷ 39 ಸೆಕೆಂಡಿನಲ್ಲಿ ಮುಗಿಸಿ ಗೆದ್ದರು.

ಆದರೂ ಮಾತು ಮನಸ್ಸಿನಲ್ಲಿ ಉಳಿಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಬಳಿಕ ಕೆಲವು ವರ್ಷ ಅವರು ದೊಡ್ಡ ಓಟಗಳಿಂದ ಬಹುಮಟ್ಟಿಗೆ ದೂರವೇ ಇದ್ದರು. ಬೇರೆ ಕಾರಣಗಳೂ ಇದ್ದವು ಅನ್ನಿ. ಮತ್ತೆ ಬಾಸ್ಟನ್ ಗೆದ್ದದ್ದು 1922ರಲ್ಲಿ, 33ನೇ ವಯಸ್ಸಿಗೆ. ಆಮೇಲೆ 1923, 1924, 1927, 1928, 1930. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಕೂಡ ಬಂತು. ಏಳನೇ ಗೆಲುವಿನ ಹೊತ್ತಿಗೆ ಅವರಿಗೆ 41 ವರ್ಷ. ಬಾಸ್ಟನ್ ಓಟವನ್ನು ಕೊನೆಯ ಸಲ ಓಡಿದ್ದು 1954ರಲ್ಲಿ, 65ರ ವಯಸ್ಸಿನಲ್ಲಿ.

ಹಾಗಾದರೆ ಆ ಸದ್ದು? ಅಂದಿನ ವೈದ್ಯರಲ್ಲಿ ಅನೇಕರು ಕ್ರೀಡಾಪಟುಗಳ ದೊಡ್ಡ ಹೃದಯವನ್ನೇ ಕಾಯಿಲೆ ಎಂದು ತಿಳಿದಿದ್ದರು. ಚೆನ್ನಾಗಿ ಪಳಗಿದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಆ ರಭಸಕ್ಕೆ ನಿರಪಾಯಕಾರಿ ಮರ್ಮರ ಕೇಳಿಸುವುದುಂಟು. (ಎಲ್ಲ ಮರ್ಮರವೂ ಹಾಗಲ್ಲ, ತೋರಿಸಿಕೊಳ್ಳಲೇಬೇಕು.)

ಬಡಿತದ ಲೆಕ್ಕವನ್ನೂ ಮಾಡಿಬಿಡೋಣ. ನಿಮಿಷಕ್ಕೆ 70 ಬಡಿದರೆ ದಿನಕ್ಕೆ 1,00,800. ಓಟ ರೂಢಿಯಾದವರ ಹೃದಯ ಉಳಿದ ಹೊತ್ತು 55ರಂತೆ, ಓಡುವ ಒಂದು ಗಂಟೆ 140ರಂತೆ ಬಡಿದರೂ ಒಟ್ಟು 84,300. ಉಳಿತಾಯವೇ ಆಯಿತಲ್ಲ!

ಡೆಮಾರ್ 1958ರಲ್ಲಿ, 70ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾರಣ ಹೃದಯವಲ್ಲ, ಕ್ಯಾನ್ಸರ್. ಮರಣೋತ್ತರ ಪರೀಕ್ಷೆಯ ವಿವರವನ್ನು ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಮತ್ತು ಅವರ ಸಹೋದ್ಯೋಗಿ 1961ರಲ್ಲಿ ಪ್ರಕಟಿಸಿದರು. ಹೃದಯಕ್ಕೆ ರಕ್ತ ಒದಗಿಸುವ ನಾಳಗಳು ಸಾಮಾನ್ಯರಿಗಿಂತ ಎರಡು ಮೂರು ಪಟ್ಟು ಅಗಲವಾಗಿದ್ದವು. ಒಳಗೆ ಕೊಬ್ಬು ಒಂದಿಷ್ಟು ಕಟ್ಟಿತ್ತು, ಆದರೆ ರಕ್ತ ಹರಿಯಲು ಜಾಗ ಧಾರಾಳವಾಗಿತ್ತು. ಅಷ್ಟು ಅಗಲ ಓಟದಿಂದ ಬಂದದ್ದೋ, ಹುಟ್ಟಿನಿಂದಲೇ ಇದ್ದದ್ದೋ ಎಂಬುದನ್ನು ಒಬ್ಬರ ಹೃದಯ ನೋಡಿ ಹೇಳಲಾಗದು. ಐವತ್ತು ವರ್ಷ ಓಡಿದರೂ ಅದು ಸವೆದಿರಲಿಲ್ಲ ಎಂಬುದನ್ನಂತೂ ಹೇಳಬಹುದು.